ಸ್ಲ್ಯಾಂಟೆಡ್ ಅಂದರೆ ಇಳಿಜಾರೋ, ಪಕ್ಷಪಾತವೋ?

ಎರಡೂ ಹೌದು. ಮೊದಲ ಅರ್ಥ ಓರೆಯಾದ, ವಾಲಿದ ಎಂದು. ಹೆಂಚಿನ ಮನೆಯ ಮಾಡು ಸ್ಲ್ಯಾಂಟೆಡ್. ಬಲಕ್ಕೆ ಬಾಗಿದ ಕೈಬರಹವೂ ಸ್ಲ್ಯಾಂಟೆಡ್.

ಸುದ್ದಿಗೆ ಈ ಮಾತು ಹೇಳಿದರೆ, ಒಂದು ಕಡೆಗೆ ವಾಲಿಸಿ ಬರೆದದ್ದು ಎಂದರ್ಥ. ಅದು ಸುಳ್ಳೇ ಆಗಿರಬೇಕು ಅಂತಿಲ್ಲ. ಮುಷ್ಕರದ ವರದಿಯಲ್ಲಿ ಟ್ರಾಫಿಕ್ ಜಾಮ್ ಬಗ್ಗೆ ಹತ್ತು ಸಾಲು, ಕಾರ್ಮಿಕರ ಬೇಡಿಕೆ ಬಗ್ಗೆ ಅರ್ಧ ಸಾಲು ಇದ್ದರೆ ಸಾಕು. ಪ್ರತಿ ಮಾತೂ ನಿಜ, ಆದರೂ ವರದಿ ಸ್ಲ್ಯಾಂಟೆಡ್. ಸುಳ್ಳಿಗಿಂತ ಇದನ್ನು ಹಿಡಿಯುವುದೇ ಜಾಸ್ತಿ ಕಷ್ಟ ಅಲ್ವಾ?

ಮಧ್ಯಯುಗದ ಇಂಗ್ಲಿಷಿನಲ್ಲಿ 'ಸ್ಲೆಂಟ್' ಎಂಬ ಕ್ರಿಯಾಪದ ಇತ್ತು. ಪಕ್ಕಕ್ಕೆ ಜಾರು ಎಂದು ಅದರ ಅರ್ಥ. ಅದು ಬಂದದ್ದು ಬಹುಶಃ ಸ್ಕ್ಯಾಂಡಿನೇವಿಯಾದ ಭಾಷೆಗಳ ಕಡೆಯಿಂದ. 16ನೇ ಶತಮಾನದ ಹೊತ್ತಿಗೆ ಅದು 'ಸ್ಲ್ಯಾಂಟ್' ಆಯಿತು. ಪಕ್ಷಪಾತದ ಅರ್ಥ ಸೇರಿದ್ದು ಅದಕ್ಕಿಂತ ಎಷ್ಟೋ ಆಮೇಲೆ.

ಪಕ್ಷಪಾತಕ್ಕೆ ಇಂಗ್ಲಿಷಿನಲ್ಲಿರುವ ಇನ್ನೊಂದು ಪದ 'ಬಯಾಸ್'. ಅದರ ಕಥೆ ಇನ್ನೂ ಚೆನ್ನಾಗಿದೆ. ಅದು ಫ್ರೆಂಚಿನ 'ಬಿಯೆ', ಅಂದರೆ ಓರೆ. ಇಂಗ್ಲೆಂಡಿನ ಬೌಲ್ಸ್ ಆಟದಲ್ಲಿ ಚೆಂಡಿನ ಒಂದು ಮಗ್ಗುಲನ್ನು ಬೇಕೆಂದೇ ಭಾರ ಮಾಡುತ್ತಿದ್ದರು. ಉರುಳಿಸಿದರೆ ಚೆಂಡು ನೆಟ್ಟಗೆ ಹೋಗದೆ ಆ ಕಡೆಗೆ ತಿರುಗುತ್ತಿತ್ತು. ಆ ವಾಲಿಕೆಯ ಹೆಸರೇ ಬಯಾಸ್. ಅದನ್ನೇ ಆಮೇಲೆ ಮನಸ್ಸಿನ ಒಲವಿಗೂ ಹೇಳತೊಡಗಿದರು. ಬಟ್ಟೆಯನ್ನು ಓರೆಯಾಗಿ ಕತ್ತರಿಸುವುದಕ್ಕೆ ಇವತ್ತಿಗೂ ಬಯಾಸ್ ಕಟ್ ಎನ್ನುತ್ತಾರೆ.

ಅಂದಹಾಗೆ, ನಮ್ಮ 'ಪಕ್ಷಪಾತ'ವನ್ನೇ ಬಿಡಿಸಿ ನೋಡಿ. ಪಕ್ಷ ಅಂದರೆ ಕಡೆ, ಪಾತ ಅಂದರೆ ಬೀಳುವುದು. ಅಲ್ಲೂ ಅದೇ ವಾಲಾಟ.