ಸೋಮವಾರದ ಸದ್ದು, ಶುಕ್ರವಾರದ ದಿಕ್ತೇ

ಕೆನಡಾದ ಫ್ರೆಂಚ್ ಇಮ್ಮರ್ಶನ್ ತರಗತಿಗಳ, ಅಂದರೆ ಫ್ರೆಂಚ್ ಬಾರದ ಮನೆಯ ಮಕ್ಕಳಿಗೆ ಫ್ರೆಂಚಿನಲ್ಲೇ ಪಾಠ ಹೇಳುವ ತರಗತಿಗಳ ಬಗ್ಗೆ ಬಂದ ಪ್ರಶ್ನೆಗಳಿಗೆ ಈ ಸಲದ ಅಂಕಣ ಮೀಸಲು. ಫ್ರೆಂಚ್ ಪದಗಳನ್ನು ಕನ್ನಡ ಲಿಪಿಗೆ ದಕ್ಕುವಷ್ಟು ಹತ್ತಿರಕ್ಕೆ ಬರೆದಿದ್ದೇವೆ. ಸರಿಯಾದ ಸದ್ದನ್ನು ಕಿವಿಯಿಂದಲೇ ಹಿಡಿಯಬೇಕು.

ಪ್ರಶ್ನೆ: ಮಗಳು ಒಂದನೇ ತರಗತಿ. ಪ್ರತಿ ಸೋಮವಾರ ಎಂಟು ಪದಗಳ ಹಾಳೆ ಬರುತ್ತದೆ, ಶುಕ್ರವಾರ ದಿಕ್ತೇ, ಅಂದರೆ ಉಕ್ತಲೇಖನ. ನಮಗಿಬ್ಬರಿಗೂ ಫ್ರೆಂಚ್ ಬಾರದು. ಸ್ಪೆಲಿಂಗ್ ಬಾಯಿಪಾಠ ಮಾಡಿಸುತ್ತೇವೆ. ಶುಕ್ರವಾರ ಎಂಟಕ್ಕೆ ಎಂಟು, ಮುಂದಿನ ವಾರ ಒಂದೂ ನೆನಪಿಲ್ಲ. — ಬ್ರಾಂಪ್ಟನ್‌ನ ಓದುಗರು

ಉತ್ತರ: ತೊಡಕು ಬಾಯಿಪಾಠದಲ್ಲೇ ಇದೆ. ತೋಳಕ್ಕೆ ಫ್ರೆಂಚಿನಲ್ಲಿ 'ಲೂ'. ನೀವು ಹೇಳಿಸುವುದು ಎಲ್-ಓ-ಯು-ಪಿ, ಇಂಗ್ಲಿಷ್ ಅಕ್ಷರದ ಹೆಸರುಗಳು. ಆ ನಾಲ್ಕು ಹೆಸರಿಗೂ 'ಲೂ' ಎಂಬ ಸದ್ದಿಗೂ ಮಗುವಿನ ತಲೆಯಲ್ಲಿ ನಂಟೇ ಇಲ್ಲ. ಫೋನ್ ನಂಬರಿನ ಹಾಗೆ ನಾಲ್ಕು ದಿನ ಇಟ್ಟುಕೊಂಡು ಐದನೇ ದಿನ ಬಿಟ್ಟುಬಿಡುತ್ತದೆ.

ಹಾಳೆಯನ್ನು ಇನ್ನೊಮ್ಮೆ ನೋಡಿ. ಸಾಮಾನ್ಯವಾಗಿ ಅಲ್ಲಿರುವುದು ಎಂಟು ಬಿಡಿ ಪದಗಳಲ್ಲ, ಒಂದು 'ವಾರದ ಸದ್ದು'. ಲೂ (ತೋಳ), ಪೂಲ್ (ಹೇಂಟೆ), ರೂಜ್ (ಕೆಂಪು), ಇಬೂ (ಗೂಬೆ), ಸೂರಿ (ಇಲಿ), ನೂ (ನಾವು): ಆರರಲ್ಲೂ ಓ ಮತ್ತು ಯು ಜೊತೆಯಾಗಿ 'ಊ' ಆಗಿವೆ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಆ ಎರಡಕ್ಷರ ಸೇರಿ ಒಂದು ಕೊಂಬಿನಿಳಿ. ಉಳಿದ ಎರಡು, ದಾಂ (ಒಳಗೆ) ಮತ್ತು ಅವೆಕ್ (ಜೊತೆ), ಪದೇಪದೇ ಬರುವ ಪದಗಳು. ಅವನ್ನು ಕಂಡ ಕೂಡಲೇ ಗುರುತಿಸಬೇಕು, ಬಿಡಿಸಿ ಓದಿಸುವುದು ಬೇಡ.

ದಿನಕ್ಕೆ ಹತ್ತು ನಿಮಿಷ ಸಾಕು. ಸೋಮವಾರ ಬರೆಸಲೇಬೇಡಿ. ಮಗಳು ಪದ ಹೇಳಲಿ, ಊ ಕೊಡುವ ಜೋಡಿಯ ಸುತ್ತ ಬಣ್ಣದ ಪೆನ್ಸಿಲ್ಲಿನಲ್ಲಿ ಸುತ್ತು ಹಾಕಲಿ. ಮಂಗಳವಾರ ಒಂದು ಚೀಟಿಯಲ್ಲಿ ಓ-ಯು ಬರೆದು, ಅದರ ಎಡಕ್ಕೆ ಬಿ, ಎಲ್, ಎಂ, ಎನ್, ಪಿ, ಎಸ್ ಚೀಟಿಗಳನ್ನು ಒಂದೊಂದಾಗಿ ಇಡುತ್ತಾ ಓದಿಸಿ: ಬೂ, ಲೂ, ಮೂ, ನೂ, ಪೂ, ಸೂ. ಇದು ಕಾಗುಣಿತವೇ. ಫ್ರೆಂಚ್ ಶಾಲೆಗಳಲ್ಲೂ ಉಚ್ಚಾರಾಂಶ ಜೋಡಿಸಿ ಓದಿಸುವ ಪದ್ಧತಿ ಹಳೆಯದು, ಮತ್ತು ಇದನ್ನು ಕಲಿಸಲು ಕನ್ನಡ ಕಲಿತವರಿಗಿಂತ ತಕ್ಕವರು ಯಾರು! ಬುಧವಾರ ಮೂರು ಮೂರು ಪದ ತೆಗೆದುಕೊಂಡು ನೋಡು, ಮುಚ್ಚು, ಬರೆ, ತೆರೆದು ಹೋಲಿಸು. ತಪ್ಪನ್ನು ಅವಳೇ ಹುಡುಕಬೇಕು. ನೀವು ಕೆಂಪು ಗೀಟು ಹಾಕಿದರೆ ಆ ದಿನದ ಕೆಲಸ ವ್ಯರ್ಥ. ಗುರುವಾರ ಎರಡೇ ವಾಕ್ಯ: 'ಲ ಲೂ ಎ ರೂಜ್' (ತೋಳ ಕೆಂಪಗಿದೆ) ತರಹದ್ದು. ತೋಳ ಕೆಂಪಗಿದ್ದರೂ ಚಿಂತೆಯಿಲ್ಲ, ಮಕ್ಕಳಿಗೆ ಅದೇ ನಗು.

ತಪ್ಪನ್ನು ಎಣಿಸುವುದಕ್ಕಿಂತ ಓದುವುದು ಮುಖ್ಯ. 'ಲೂ' ಬರೆಯಲು ಹೇಳಿದಾಗ ಎಲ್-ಓ-ಯು ಬರೆದು ಪಿ ಬಿಟ್ಟರೆ ಕಿವಿ ಸರಿಯಿದೆ, ಮೂಕ ಅಕ್ಷರವೊಂದೇ ಬಾಕಿ. ಎಲ್-ಓ-ಓ-ಪಿ ಬರೆದರೆ ಇಂಗ್ಲಿಷ್ ನುಗ್ಗಿದೆ. ಸುತ್ತು ಹಾಕುವ ಕೆಲಸಕ್ಕೆ ವಾಪಸ್. ಬರೀ ಎಲ್-ಯು ಬರೆದರೆ ಮಾತ್ರ ಸ್ವಲ್ಪ ನಿಲ್ಲಿ: ಕಿವಿಗೆ ಎರಡು ಸ್ವರಗಳ ವ್ಯತ್ಯಾಸ ಕೇಳಿಸುತ್ತಿಲ್ಲ. ಫ್ರೆಂಚಿನಲ್ಲಿ ಯು ಒಂದೇ ಇದ್ದರೆ ಅದರ ಸದ್ದು ಕನ್ನಡದಲ್ಲೂ ಇಲ್ಲ, ಇಂಗ್ಲಿಷಿನಲ್ಲೂ ಇಲ್ಲ. 'ಈ' ಎನ್ನುತ್ತಲೇ ಇರಿ, ನಾಲಿಗೆ ಕದಲಿಸದೆ ತುಟಿಯನ್ನಷ್ಟೇ 'ಊ'ಗೆ ಸುತ್ತಿಸಿ, ಬಂತು. ಇದು ತಪ್ಪಿದರೆ 'ರ್ಯು' (ಬೀದಿ) ಹೋಗಿ 'ರೂ' (ಚಕ್ರ) ಆಗುತ್ತದೆ, 'ದಸ್ಯು' (ಮೇಲೆ) ಹೋಗಿ 'ದಸೂ' (ಕೆಳಗೆ) ಆಗುತ್ತದೆ. ಆ ಎರಡು ಜೋಡಿಯಲ್ಲೂ ಇರುವ ವ್ಯತ್ಯಾಸ ಈ ಸ್ವರವೊಂದೇ.

ಮೂಕ ಅಕ್ಷರಕ್ಕೆ ಒಂದು ಉಪಾಯ: ಗುಣವಾಚಕವಾದರೆ ಅದರ ಸ್ತ್ರೀಲಿಂಗ ರೂಪ ಹೇಳಿಸಿ. 'ಪ್ತಿ' (ಚಿಕ್ಕ) ಸ್ತ್ರೀಲಿಂಗದಲ್ಲಿ 'ಪ್ತಿತ್', 'ಗ್ರಾಂ' (ದೊಡ್ಡ) 'ಗ್ರಾಂದ್'. ಅಡಗಿದ್ದ ಟಿ, ಡಿ ಹೊರಬರುತ್ತವೆ. ತೋಳದ ಪಿಗೆ ಈ ಉಪಾಯ ನಡೆಯದು, ಅದನ್ನು ನೆನಪಿಡಲೇಬೇಕು.

ಪ್ರಶ್ನೆ: ಮುಂದಿನ ವರ್ಷ ಒಂಟಾರಿಯೊಗೆ ಹೋಗುವವರಿದ್ದೇವೆ. ಅಲ್ಲಿ ಫ್ರೆಂಚ್ ಶಾಲೆ, ಇಮ್ಮರ್ಶನ್ ಎರಡೂ ಒಂದೆಯೇ? — ಬೆಂಗಳೂರಿನ ಓದುಗರು

ಉತ್ತರ: ಅಲ್ಲ. ಫ್ರೆಂಚ್ ಭಾಷಾ ಶಾಲೆಗಳು ಮುಖ್ಯವಾಗಿ ಫ್ರೆಂಚ್ ಭಾಷಿಕ ಅಲ್ಪಸಂಖ್ಯಾತರಿಗಾಗಿ ಇರುವವು. 1982ರ ಹಕ್ಕುಗಳ ಸನ್ನದಿನ 23ನೇ ವಿಧಿ ಆ ಹಕ್ಕನ್ನು ಕೊಡುತ್ತದೆ. ಇಮ್ಮರ್ಶನ್ ಎಂದರೆ ಇಂಗ್ಲಿಷ್ ಶಾಲಾ ಮಂಡಳಿಯೊಳಗೇ, ಫ್ರೆಂಚ್ ಬಾರದ ಮನೆಯ ಮಕ್ಕಳಿಗೆ ಪಾಠಗಳನ್ನು ಫ್ರೆಂಚಿನಲ್ಲಿ ಹೇಳಿಕೊಡುವುದು. ಶುರುವಾದದ್ದು 1965ರಲ್ಲಿ, ಮಾಂಟ್ರಿಯಲ್ ಪಕ್ಕದ ಸೇಂಟ್ ಲ್ಯಾಂಬರ್ಟ್‌ನಲ್ಲಿ, ಇಂಗ್ಲಿಷ್ ಮಾತಾಡುವ ತಂದೆತಾಯಿಯರ ಒತ್ತಾಯದಿಂದ. ಒಂಟಾರಿಯೊದಲ್ಲಿ ಎಂಟನೇ ತರಗತಿ ಮುಗಿಯುವ ಹೊತ್ತಿಗೆ ಕನಿಷ್ಠ 3,800 ಗಂಟೆ ಫ್ರೆಂಚಿನಲ್ಲಿ ಪಾಠವಾಗಿರಬೇಕು. ಯಾವ ತರಗತಿಯಲ್ಲಿ ಸೇರಿಸಿಕೊಳ್ಳುತ್ತಾರೆ ಎಂಬುದು ಮಂಡಳಿಯಿಂದ ಮಂಡಳಿಗೆ ಬೇರೆ. ಮನೆ ಹುಡುಕುವ ಮೊದಲೇ ವಿಚಾರಿಸಿ.

ಪ್ರಶ್ನೆ: ಮಗ ಎರಡನೇ ತರಗತಿ. ಪಾಠದ ಹೊತ್ತಿನಲ್ಲಿ ಫ್ರೆಂಚ್, ಗುಂಪು ಚಟುವಟಿಕೆಗೆ ಕೂತ ಕೂಡಲೇ ಇಂಗ್ಲಿಷ್ ಎಂದು ಟೀಚರ್ ದೂರುತ್ತಾರೆ. — ಮಿಸ್ಸಿಸಾಗಾದ ಓದುಗರು

ಉತ್ತರ: ಇಮ್ಮರ್ಶನ್‌ನ ಹಳೇ ತಲೆನೋವು ಇದು, ನಿಮ್ಮ ಮಗನೊಬ್ಬನದಲ್ಲ. ಬೆಳಗಿನ ಚಟುವಟಿಕೆಗಳಿಗೆ ಅಚ್ಚು ಇರುತ್ತದೆ. ಕ್ಯಾಲೆಂಡರ್ ಮುಂದೆ ನಿಂತು ಇವತ್ತು ಯಾವ ವಾರ, ನಿನ್ನೆ ಯಾವುದಿತ್ತು, ಹೊರಗೆ ಹಿಮವೋ ಬಿಸಿಲೋ ಎನ್ನುವುದು ದಿನವೂ ಅದೇ ವಾಕ್ಯಗಳಲ್ಲಿ. ಆಮೇಲೆ 'ದಿನದ ಸಂದೇಶ': ಟೀಚರ್ ಬೋರ್ಡಿನ ಮೇಲೆ ಮೂರು ನಾಲ್ಕು ಸಾಲು ಬರೆದು, ವಾರದ ಸದ್ದು ಬರುವ ಕಡೆ ಜಾಗ ಖಾಲಿ ಬಿಟ್ಟಿರುತ್ತಾರೆ, ಮಕ್ಕಳು ತುಂಬುತ್ತಾರೆ. ಅಚ್ಚು ಇರುವ ಕಡೆ ಮಗು ಮಾತಾಡುತ್ತದೆ.

ಗುಂಪಿನಲ್ಲಿ ನಾಲ್ಕೈದು ಮಕ್ಕಳು ಹದಿನೈದಿಪ್ಪತ್ತು ನಿಮಿಷಕ್ಕೊಮ್ಮೆ ಜಾಗ ಬದಲಿಸುತ್ತಾರೆ. ಟೀಚರ್ ಒಂದು ಗುಂಪಿನ ಜೊತೆ ಓದಿಸುತ್ತಾ ಕೂತಿರುತ್ತಾರೆ. ಉಳಿದವರು ಪದಗಳ ಆಟ ಆಡುತ್ತಿದ್ದಾರೆ ಎನ್ನಿ. ಕಾರ್ಡಿನ ಮೇಲಿನ ಪದಗಳನ್ನು ಕಲಿಸಿದ್ದಾರೆ, ಆದರೆ ಆಟದ ಮಾತು? 'ನಿನ್ನ ಸರದಿ', 'ನಾ ಗೆದ್ದೆ', 'ಏಯ್, ಮೋಸ!' ಇವನ್ನು ಯಾರೂ ಕಲಿಸಿರುವುದಿಲ್ಲ. ಮಗು ತನ್ನಲ್ಲಿರುವ ಭಾಷೆಯಲ್ಲಿ ಜಗಳವಾಡುತ್ತದೆ. ಮನೆಯಲ್ಲಿ ಲೂಡೋ ಅಥವಾ ಚೌಕಾಬಾರ ಆಡುವಾಗ ಐದೇ ಐದು ಫ್ರೆಂಚ್ ವಾಕ್ಯ ರೂಢಿ ಮಾಡಿಸಿ: 'ಸೆ ತೋಂ ತೂರ್' (ನಿನ್ನ ಸರದಿ), 'ಸೆ ಮೋಂ ತೂರ್' (ನನ್ನ ಸರದಿ), 'ಜೆ ಗಾನ್ಯೇ' (ನಾ ಗೆದ್ದೆ), 'ಜೆ ಫಿನಿ' (ನಂದು ಮುಗೀತು), 'ಆಂಕೋರ್' (ಇನ್ನೊಂದ್ಸಲ). ಐದನ್ನೂ ಒಂದೇ ವಾರ ತುರುಕಬೇಡಿ, ವಾರಕ್ಕೆರಡು.

ಪ್ರಶ್ನೆ: 'ದೆಜನೇ' ಅಂದರೆ ಬೆಳಗಿನ ತಿಂಡಿ ಎನ್ನುತ್ತಾಳೆ ಮಗಳು, ಮೊಬೈಲ್ ಆ್ಯಪ್ ಮಧ್ಯಾಹ್ನದ ಊಟ ಎನ್ನುತ್ತದೆ. — ವಾಟರ್ಲೂ ಓದುಗರು

ಉತ್ತರ: ಇಬ್ಬರೂ ಸರಿ. ಕೆನಡಾದಲ್ಲಿ ದೆಜನೇ ತಿಂಡಿ, ದಿನೇ ಮಧ್ಯಾಹ್ನದ್ದು, ಸೂಪೇ ರಾತ್ರಿಯದು. ಆ್ಯಪ್ ಹೇಳುವುದು ಫ್ರಾನ್ಸಿನ ಬಳಕೆ. ಶಾಲೆಗೆ ಮಗಳ ಲೆಕ್ಕವೇ ಇರಲಿ.

ಪ್ರಶ್ನೆ: ಮೂರನೇ ತರಗತಿಯ ಮಗ ಗಣಿತದಲ್ಲಿ ಚುರುಕು. ಆದರೆ ಸಂಖ್ಯೆಗಳ ಉಕ್ತಲೇಖನದಲ್ಲಿ 84ಕ್ಕೆ 424 ಬರೆದಿದ್ದಾನೆ! — ಬ್ರಾಂಪ್ಟನ್‌ನ ಇನ್ನೊಬ್ಬ ಓದುಗರು

ಉತ್ತರ: ಅವನು ಕೇಳಿದ್ದನ್ನೇ ಬರೆದಿದ್ದಾನೆ. ಫ್ರೆಂಚಿನಲ್ಲಿ 84 ಎಂದರೆ 'ಕಾತ್ರ-ವ್ಯಾಂ-ಕಾತ್ರ', ನಾಲ್ಕು-ಇಪ್ಪತ್ತು-ನಾಲ್ಕು. ನಾಲ್ಕು ಇಪ್ಪತ್ತುಗಳು ಎಂಬತ್ತು, ಮೇಲೆ ನಾಲ್ಕು. ಹಾಗೆಯೇ 73 ಅರವತ್ತು-ಹದಿಮೂರು, 97 ನಾಲ್ಕು-ಇಪ್ಪತ್ತು-ಹತ್ತು-ಏಳು. ಮೊದಲ ತುಣುಕು ಕಿವಿಗೆ ಬಿದ್ದ ಕೂಡಲೇ ಪೆನ್ಸಿಲ್ ಓಡುವುದೇ ತೊಂದರೆ. ಪೆನ್ಸಿಲ್ ಕೆಳಗಿಡಿಸಿ, ಸಂಖ್ಯೆ ಪೂರ್ತಿ ಕೇಳಿ, ಒಮ್ಮೆ ತಾನೂ ಹೇಳಿ, ಆಮೇಲೆ ಬರೆಯಲಿ. ದಿನಕ್ಕೆ ಆರು ಸಂಖ್ಯೆ ಸಾಕು, ಎಲ್ಲವೂ 60ರಿಂದ 99ರೊಳಗೆ. ಅಂದಹಾಗೆ, ಎರಡೂವರೆಯನ್ನು ಅವನು 2,5 ಎಂದು ಬರೆದರೆ ತಿದ್ದಬೇಡಿ. ಫ್ರೆಂಚಿನಲ್ಲಿ ದಶಮಾಂಶಕ್ಕೆ ಚುಕ್ಕಿಯಲ್ಲ, ಅಲ್ಪವಿರಾಮ.

ಪ್ರಶ್ನೆ: ಮೊಮ್ಮಗನಿಗೆ ಮೂರು ಭಾಷೆ ಹೊರೆಯಾಗುತ್ತದೆ, ಕನ್ನಡ ಬಿಡಿಸೋಣ ಎನ್ನುತ್ತಾನೆ ಮಗ. ಇಂಗ್ಲಿಷ್ ಓದು ಬೇರೆ ಹಿಂದಿದೆಯಂತೆ. — ಆಟವಾದ ಹಿರಿಯ ಓದುಗರು

ಉತ್ತರ: ಬಿಡಿಸಬೇಡಿ ರಾಯರೇ. ಇಂಗ್ಲಿಷ್ ಓದು ಹಿಂದಿರುವುದು ಕನ್ನಡದಿಂದಲ್ಲ. ಇಮ್ಮರ್ಶನ್‌ನಲ್ಲಿ ಇಂಗ್ಲಿಷ್ ಓದು-ಬರಹ ತಡವಾಗಿ ಶುರುವಾಗುತ್ತದೆ. ಸೇಂಟ್ ಲ್ಯಾಂಬರ್ಟ್‌ನಲ್ಲಿ ಎರಡನೇ ತರಗತಿಗೆ ಶುರು ಮಾಡಿದ್ದರು. ಅಲ್ಲಿಯವರೆಗೆ ಮಕ್ಕಳು ಸ್ವಲ್ಪ ಹಿಂದೆ, ಶುರುವಾದ ಮೇಲೆ ಬೇಗ ಸರಿಹೋಗುತ್ತಾರೆ. ಆದರೆ ಮೂರೂ ಭಾಷೆಯಲ್ಲಿ ಪ್ರಾಸ ಹಿಡಿಯಲು, ಪದವನ್ನು ಸದ್ದುಗಳಾಗಿ ಬಿಡಿಸಲು ಮಗು ಒದ್ದಾಡುತ್ತಿದ್ದರೆ ಕಾಯಬಾರದು, ಶಾಲೆಯವರ ಜೊತೆ ಮಾತಾಡಿ.

ಕನ್ನಡ ಅವನಿಗೆ ಸಹಾಯವನ್ನೇ ಮಾಡುತ್ತಿದೆ. ಫ್ರೆಂಚಿನ ತ, ದ ನಮ್ಮ ಹಾಗೆ ಹಲ್ಲಿಗೆ ತಾಗುವವು. ಇಂಗ್ಲಿಷಿನಿಂದ ಬಂದ ಮಕ್ಕಳು ಟ, ಡ ಎನ್ನುತ್ತಾರೆ. ಗೆಳೆಯನಿಗೆ 'ತ್ಯು', ಟೀಚರಿಗೆ 'ವೂ' ಎನ್ನುವುದನ್ನು ಇಂಗ್ಲಿಷ್ ಮನೆಯ ಮಗುವಿಗೆ ವಾರಗಟ್ಟಲೆ ಹೇಳಬೇಕು. ನಿಮ್ಮ ಮೊಮ್ಮಗನಿಗೆ 'ನೀನು, ನೀವು' ಎಂದರೆ ಮುಗಿಯಿತು. ಒಂದು ಕಡೆ ಮಾತ್ರ ಕನ್ನಡ ಮೋಸ ಮಾಡುತ್ತದೆ: ಲಿಂಗ. ನಮ್ಮಲ್ಲಿ ಮೇಜು, ಕುರ್ಚಿ ಎಲ್ಲ 'ಅದು'. ಫ್ರೆಂಚಿನಲ್ಲಿ ಎರಡೂ ಸ್ತ್ರೀಲಿಂಗ, ಪೆನ್ಸಿಲ್ ಪುಲ್ಲಿಂಗ. ಆದ್ದರಿಂದ ಪದವನ್ನು ಒಂಟಿಯಾಗಿ ಕಲಿಯಗೊಡಬೇಡಿ, ಅದರ ಮೊದಲು 'ಅಂ' (ಪುಲ್ಲಿಂಗದ 'ಒಂದು') ಅಥವಾ 'ಯೂನ್' (ಸ್ತ್ರೀಲಿಂಗದ 'ಒಂದು') ಸೇರಿಸಿಯೇ ಹೇಳಲಿ. 'ಲ, ಲಾ' (ಇಂಗ್ಲಿಷಿನ 'ದ' ಇದ್ದಂತೆ, ಮೊದಲನೆಯದು ಪುಲ್ಲಿಂಗಕ್ಕೆ, ಎರಡನೆಯದು ಸ್ತ್ರೀಲಿಂಗಕ್ಕೆ) ಬೇಡ. ಸ್ವರದ ಮುಂದೆ ಎರಡೂ ಬರೀ 'ಲ್' ಆಗಿ ಲಿಂಗ ಮುಚ್ಚಿಹೋಗುತ್ತದೆ. 'ಲೆಕೋಲ್' ಎಂದರೆ ಶಾಲೆ ಗಂಡೋ ಹೆಣ್ಣೋ ತಿಳಿಯದು, 'ಯೂನೆಕೋಲ್' ಎಂದರೆ ತಿಳಿಯುತ್ತದೆ.