ಜರ್ಮನಿಯ ಟ್ಯೂಬಿಂಗೆನ್‌ಗೆ ಬಂದಿಳಿದ ತಮ್ಮನಿಗೆ, ಮೈಸೂರಿನ ಕುವೆಂಪುನಗರದಿಂದ

ತಮ್ಮಾ,

ನಿನ್ನ ಮೆಸೇಜ್ ಓದಿ ನಗು ಬಂತು. ಬೇಕರಿಯಲ್ಲಿ ಕಾಫಿ ತಗೊಂಡರೆ ಕಪ್ಪಿಗೆ ಬೇರೆ ದುಡ್ಡು ಹಿಡಿದರು, ಹೊಸಬ ಅಂತ ಮೋಸ ಮಾಡಿದ್ರಾ ಅಕ್ಕ ಅಂತ ಕೇಳಿದ್ದೀಯ. ಕಸದ ಡಬ್ಬಿ ವಿಷಯಕ್ಕೆ ಮನೆ ಓನರ್ ಹತ್ತಿರ ಬೈಸಿಕೊಂಡೆಯಂತೆ. ಕೊನೆಗೆ, ಈ ಊರು ಇಷ್ಟು ಚೊಕ್ಕಟವಾಗಿರೋದು ಹೇಗೆ, ನಮ್ಮ ಮೈಸೂರು ಕಾರ್ಪೊರೇಷನ್ ಕೈಯಲ್ಲಿ ಯಾಕೆ ಆಗಲ್ಲ ಅನ್ನೋ ಪ್ರಶ್ನೆ. ನಾನು ಜರ್ಮನಿಯಿಂದ ರಜೆಗೆ ಅಮ್ಮನ ಮನೆಗೆ ಬಂದಿದ್ದೇನೆ, ಪುರುಸೊತ್ತಿದೆ, ಬರೆಯುತ್ತೇನೆ.

ಮೋಸ ಅಲ್ಲಪ್ಪ, ಅದು ಊರಿನ ತೆರಿಗೆ. ಬಳಸಿ ಬಿಸಾಡುವ ಕಪ್ಪು, ಪಾರ್ಸೆಲ್ ಡಬ್ಬಿಗೆ 50 ಸೆಂಟ್, ಚಮಚಕ್ಕೆ 20 ಸೆಂಟ್. 2022ರ ಜನವರಿ 1ರಿಂದ ಜಾರಿಯಲ್ಲಿದೆ. ಕಟ್ಟಬೇಕಾದವನು ಅಂಗಡಿಯವನು, ಅವನು ನಿನ್ನ ಬಿಲ್ಲಿಗೆ ಸೇರಿಸುತ್ತಾನೆ, ಅಷ್ಟೇ. ಹಾಕಿದ್ದು ಸರ್ಕಾರ ಅಲ್ಲ, ಆ ಊರಿನ ನಗರಸಭೆ. ನಮ್ಮ ಮಂಡ್ಯಕ್ಕಿಂತ ಕಡಿಮೆ ಜನ ಇರುವ ಊರು ಅದು. ಒಂದು ಫಾಸ್ಟ್‌ಫುಡ್ ಅಂಗಡಿಯವರು ಕೋರ್ಟಿಗೆ ಹೋದರು. 2022ರಲ್ಲಿ ಮ್ಯಾನ್‌ಹೈಮ್ ಕೋರ್ಟಿನಲ್ಲಿ ನಗರಸಭೆ ಸೋತಿತು. ಸುಮ್ಮನಾಗಲಿಲ್ಲ. 2023ರಲ್ಲಿ ಲೈಪ್‌ಜಿಗ್‌ನ ಮೇಲಿನ ಕೋರ್ಟು ಹೆಚ್ಚುಕಡಿಮೆ ನಗರಸಭೆಯ ಪರ ನಿಂತಿತು, 2025ರ ಜನವರಿಯಲ್ಲಿ ದೇಶದ ಸಂವಿಧಾನ ನ್ಯಾಯಾಲಯವೂ ಸರಿ ಎಂದಿತು. ಆಗಲೇ ಕಾನ್‌ಸ್ಟಾನ್ಸ್ ಊರಿನವರೂ ಇದೇ ತೆರಿಗೆ ಶುರು ಮಾಡಿದ್ದರು.

ನನಗೆ ಇದರಲ್ಲಿ ಇಷ್ಟವಾಗಿದ್ದು ತೆರಿಗೆಗಿಂತ ಅದರ ಪಕ್ಕದ ಕೆಲಸ. ತೊಳೆದು ಬಳಸುವ ಪಾತ್ರೆ ಕೊಳ್ಳಲು, ತೊಳೆಯುವ ಮಷೀನ್ ಹಾಕಿಸಲು ಅಂಗಡಿಯವರಿಗೆ ನಗರಸಭೆಯೇ ಸಹಾಯಧನ ಕೊಟ್ಟಿತು. ಬೇರೆ ದಾರಿ ತೋರಿಸಿ ಆಮೇಲೆ ದುಡ್ಡು ಕೇಳಿದರೆ ಜನ ಗೊಣಗಿಕೊಂಡಾದರೂ ಒಪ್ಪುತ್ತಾರೆ. ನಮ್ಮಲ್ಲಿ 2016ರಲ್ಲೇ ರಾಜ್ಯ ಸರ್ಕಾರ ಪ್ಲಾಸ್ಟಿಕ್ ನಿಷೇಧಿಸಿತು. ದೇವರಾಜ ಮಾರ್ಕೆಟ್ಟಿನಲ್ಲಿ ನಿನ್ನೆ ಸೊಪ್ಪು ತಂದೆ, ಯಾವುದರಲ್ಲಿ ಕೊಟ್ಟರು ಅಂತ ಕೇಳಬೇಡ.

ಅಲ್ಲಿಯ ಜನ ಹುಟ್ಟಾ ಶಿಸ್ತಿನವರು ಅಂತ ಮಾತ್ರ ತಿಳಿಯಬೇಡ. ನೆಕರ್ ನದಿ ದಂಡೆಯಲ್ಲಿ ಶನಿವಾರ ರಾತ್ರಿ ಕಳೆದ ಮೇಲೆ ನೋಡು, ಗೊತ್ತಾಗುತ್ತೆ. ಆದರೆ ಖಾಲಿ ಕ್ಯಾನ್ ಒಂದಕ್ಕೆ 25 ಸೆಂಟ್ ಡಿಪಾಸಿಟ್ ವಾಪಸ್ ಸಿಗುತ್ತೆ ಅಲ್ವಾ, ಬೆಳಗಾಗುವುದರಲ್ಲಿ ಯಾರೋ ಆಯ್ದುಕೊಂಡು ಹೋಗಿರುತ್ತಾರೆ.

ಡಬ್ಬಿ ವಿಷಯಕ್ಕೆ ಬೇಜಾರು ಮಾಡಿಕೊಳ್ಳಬೇಡ. ನನ್ನದು ಇನ್ನೂ ದೊಡ್ಡ ಕಥೆ. ಅಲ್ಲಿಗೆ ಹೋದ ಮೊದಲ ಬೇಸಿಗೆಯಲ್ಲಿ ತರಕಾರಿ ಸಿಪ್ಪೆಯನ್ನು ಪ್ಲಾಸ್ಟಿಕ್ ಕವರಿಗೆ ಕಟ್ಟಿ, ಹಸಿ ಕಸದ ಕಂದು ಡಬ್ಬಿಗೆ ಹಾಕಿಬಿಟ್ಟೆ. ಗಾಡಿಯವರು ಡಬ್ಬಿಗೊಂದು ಚೀಟಿ ಅಂಟಿಸಿ, ಎತ್ತದೆ ಹೋದರು. ಮುಂದಿನ ಗಾಡಿ ಬರೋವರೆಗೂ ಕಾಯಬೇಕಾಯಿತು. ಹುಳ, ವಾಸನೆ, ಇಡೀ ಕಟ್ಟಡದವರ ಮುಖ ನೋಡಲು ನಾಚಿಕೆ. ಕೆಳಮನೆ ಅಜ್ಜಿ ಒಂದು ದಿನ ಹಳೇ ಪೇಪರ್ ಹಿಡಿದು ಬಂದರು. ಬೈಯಲಿಲ್ಲ. ಪೇಪರ್ ಮಡಚಿ, ಅಂಚು ಒಳಗೆ ಸೇರಿಸಿ, ತಳ ಬಿಗಿದು ತೋರಿಸಿದರು. ನೋಡಿದರೆ ನಮ್ಮ ಶೆಟ್ಟರ ಅಂಗಡಿಯ ಕಡಲೆಬೀಜದ ಪೊಟ್ಟಣ! ಇದನ್ನು ಕಲಿಯೋಕೆ ಏಳು ಸಮುದ್ರ ದಾಟಿ ಬಂದೆನಾ ಅನ್ನಿಸಿತು.

ಬಾಗಿಲಿಗೆ ‘ಕೇರ್‌ವೋಖೆ’ ಅಂತ ಹಲಗೆ ತೂಗುಹಾಕಿದ್ದರೆ ಆ ವಾರ ಮೆಟ್ಟಿಲು, ಫುಟ್‌ಪಾತ್ ಗುಡಿಸುವ ಸರದಿ ನಿನ್ನದು. ಆ ಸೀಮೆಯ ಹಳೇ ಪದ್ಧತಿ, ತಪ್ಪಿಸಬೇಡ. ಇಲ್ಲಿ ಅಮ್ಮ ದಿನಾ ಬೆಳಗ್ಗೆ ಗುಡಿಸಿ, ನೀರು ಹಾಕಿ, ರಂಗೋಲಿ ಇಡುತ್ತಾರೆ. ನಮ್ಮ ತೊಂದರೆ ಅಲ್ಲಿಲ್ಲ. ಗುಡಿಸಿದ್ದು ಪಕ್ಕದ ಖಾಲಿ ಸೈಟಿಗೆ ಹೋಗುತ್ತಲ್ಲ, ಅಲ್ಲಿದೆ.

ಹಾಗಂತ ನಮ್ಮವರನ್ನು ಪೂರ್ತಿ ತೆಗೆದುಹಾಕಲ್ಲ. 2016ರ ಸ್ವಚ್ಛ ಸರ್ವೇಕ್ಷಣದಲ್ಲಿ ಮೈಸೂರೇ ದೇಶಕ್ಕೆ ಮೊದಲು. ಕುಂಬಾರಕೊಪ್ಪಲಿನಲ್ಲಿ ಕಸ ಬೇರ್ಪಡಿಸಿ ಗೊಬ್ಬರ ಮಾಡುವ ಘಟಕವಿದೆ, ಬಂದಾಗ ನೋಡು. ಅಂಥದ್ದು ಪ್ರತಿ ಬಡಾವಣೆಗೂ ಆಗಿದ್ದರೆ ವಿದ್ಯಾರಣ್ಯಪುರಂನ ಸೀವೇಜ್ ಫಾರ್ಮ್‌ನಲ್ಲಿ ಕಸದ ಗುಡ್ಡ ಏಳುತ್ತಿರಲಿಲ್ಲ. ಕಾರ್ಪೊರೇಷನ್‌ಗೆ ನಾನು ಹೇಳುವುದಾದರೆ, ಛತ್ರಗಳಿಂದ ಶುರು ಮಾಡಿ ಅನ್ನುತ್ತೇನೆ. ಒಂದು ಮದುವೆಗೆ ಸಾವಿರಾರು ನೀರಿನ ಬಾಟಲಿ, ಪೇಪರ್ ಕಪ್ಪು. ವಾರ್ಡಿಗೊಂದು ಸ್ಟೀಲ್ ಲೋಟ, ತಟ್ಟೆಯ ಭಂಡಾರ ಇಟ್ಟು ಬಾಡಿಗೆಗೆ ಕೊಡಲಿ. ಆಮೇಲೂ ಪೇಪರ್ ಕಪ್ಪೇ ಬೇಕು ಅನ್ನುವವರಿಗೆ ಶುಲ್ಕ ಹಾಕಲಿ. ಬಾಳೆ ಎಲೆ ಹೇಗೂ ನಮ್ಮದೇ.

ಇದನ್ನೆಲ್ಲ ಯಾರ ಮುಂದೆ ಹೇಳೋದು ಅನ್ನೋದೇ ಕಷ್ಟ. ಕಾರ್ಪೊರೇಷನ್ ಕೌನ್ಸಿಲ್ ಅವಧಿ 2023ರ ನವೆಂಬರ್‌ನಲ್ಲಿ ಮುಗಿಯಿತು, ಆಮೇಲೆ ಆಡಳಿತಾಧಿಕಾರಿ ಬಂದರು. ನಮ್ಮ ವಾರ್ಡಿನ ಮೆಂಬರ್ ಯಾರು ಅಂತ ಅಮ್ಮನನ್ನು ಕೇಳಿದೆ, ‘ಮಾಜಿ ಇದ್ದಾರೆ, ಹಾಲಿ ಇಲ್ಲ’ ಅಂದರು. 2025ರಲ್ಲಿ ಹೈದರಾಲಿ ರಸ್ತೆಯ ಮರಗಳು ಉರುಳಿದಾಗಲೂ ಜನ ಬೀದಿಗೆ ಬಂದು ಕೂಗಬೇಕಾಯಿತು, ಅದೂ ಕಡಿದಾದ ಮೇಲೆ. ಟ್ಯೂಬಿಂಗೆನ್ ನಗರಸಭೆಯದೂ ಎಲ್ಲ ಸರಿ ಅಂತಲ್ಲ. ಚಳಿಗಾಲದಲ್ಲಿ ಹಿಮ ಕಟ್ಟಬಾರದು ಅಂತ ಸೈಕಲ್ ಸೇತುವೆಯನ್ನೇ ಬಿಸಿ ಮಾಡುತ್ತಾರೆ. ನನಗೆ ಅದು ಅತಿ ಅನ್ನಿಸುತ್ತೆ. ನೀನು ಜನವರಿಯಲ್ಲಿ ಅದರ ಮೇಲೆ ಸೈಕಲ್ ಹೊಡೆದು ಹೇಳು.

ಸದ್ಯಕ್ಕೆ ಒಂದು ಮಾಡು. ನಿನ್ನ ಸ್ಟೀಲ್ ಲೋಟ ಬ್ಯಾಗಿನಲ್ಲೇ ಇಟ್ಟುಕೊಂಡು ಬೇಕರಿಗೆ ಹೋಗು. ಹಿಂಜರಿಯಬೇಡ, ಅದರಲ್ಲೇ ಹಾಕಿಕೊಡಿ ಅನ್ನು. 50 ಸೆಂಟ್ ಉಳಿಯುತ್ತೆ. ಅಮ್ಮ ಹುಳಿಪುಡಿ, ಚಟ್ನಿಪುಡಿ ಕೊಟ್ಟುಕಳಿಸುತ್ತೇನೆ ಅಂದಿದ್ದಾರೆ, ಬರುವಾಗ ತರುತ್ತೇನೆ. ಹೊರಗೆ ಕಸದ ಗಾಡಿ ಬಂತು, ಹಸಿ ಕಸ ಯಾವುದು ಒಣ ಕಸ ಯಾವುದು ಅಂತ ಅಮ್ಮ ಕೂಗುತ್ತಿದ್ದಾರೆ.