ಕೊಯ್ಲಿಗೆ ಖಾಲಿಯಾಗುವ ತರಗತಿ

ಪ್ರಶ್ನೆ: ತೀರ್ಥಹಳ್ಳಿ ಕಡೆಯ ಒಂದು ಸಮುದಾಯ ಕಾಲೇಜಿನ ಜವಾಬ್ದಾರಿ ವಹಿಸಿಕೊಂಡು ಒಂದು ವರ್ಷವಾಯಿತು. ಟ್ಯಾಲಿ, ಹೊಲಿಗೆ, ವೈರಿಂಗ್ ಕೋರ್ಸ್‌ಗಳಿವೆ. ಜುಲೈನಲ್ಲಿ 70 ಜನ ಸೇರಿದರು, ಡಿಸೆಂಬರ್ ಹೊತ್ತಿಗೆ 30 ಜನ ಉಳಿದರು. ಬಯೋಮೆಟ್ರಿಕ್ ಹಾಕಿಸಿದೆ, ವಾರಕ್ಕೊಂದು ಮೀಟಿಂಗ್ ಮಾಡಿದೆ. ಉಪಯೋಗವಾಗಲಿಲ್ಲ. ಆಡಳಿತ ಸುಧಾರಿಸುವುದು ಹೇಗೆ ಸರ್?
– ಹೆಸರು ಬೇಡ

ಉತ್ತರ: ಮೇಡಂ, ಡಿಸೆಂಬರ್ ಅಂತ ನೀವೇ ಬರೆದಿದ್ದೀರಿ. ಆಗ ನಮ್ಮ ಕಡೆ ಯಾರ ಮನೆ ಅಂಗಳದಲ್ಲಿ ಅಡಿಕೆ ಇರಲ್ಲ ಹೇಳಿ?

ನಾನು ಪ್ರಾಂಶುಪಾಲನಾಗಿದ್ದಾಗ ಇದೇ ತಪ್ಪು ಮಾಡಿದ್ದೆ. ಶೇ. 75 ಹಾಜರಾತಿ ಇಲ್ಲದವರ ಪಟ್ಟಿಯನ್ನು ನೋಟಿಸ್ ಬೋರ್ಡಿಗೆ ಅಂಟಿಸಿದೆ. ಮಾರನೇ ದಿನ ಒಬ್ಬ ಹುಡುಗ ಚೇಂಬರಿಗೆ ಬಂದು ಸುಮ್ನೆ ಎರಡೂ ಕೈ ತೋರಿಸಿದ. ಅಡಿಕೆಯ ಚೊಗರು ರಸ ಹತ್ತಿ ಬೆರಳೆಲ್ಲ ಕಪ್ಪು, ಹೆಬ್ಬೆರಳಿಗೆ ಬಟ್ಟೆ ಸುತ್ತಿದ್ದ. ‘ರಾತ್ರಿ ಹನ್ನೆರಡರವರೆಗೂ ಸುಲೀತೀನಿ ಸರ್, ನಿಮ್ಮ ಫೀಸೂ ಅದರಲ್ಲೇ ಕಟ್ಟಿದ್ದು’ ಅಂದ. ಪಟ್ಟಿಯನ್ನು ನಾನೇ ಹೋಗಿ ಕಿತ್ತೆ. ಮುಂದಿನ ವರ್ಷ ಪ್ರಾಕ್ಟಿಕಲ್ ಎಲ್ಲ ದಸರೆಯೊಳಗೆ ಮುಗಿಸಿದೆವು. ಕೊಯ್ಲಿನ ತಿಂಗಳುಗಳಲ್ಲಿ ವಾರಕ್ಕೆ ಮೂರೇ ದಿನ ಪಾಠ. ಉಪನ್ಯಾಸಕರು ಗೊಣಗಿದರು, ಗೊಣಗಲಿ ಬಿಡಿ.

ಅಮೆರಿಕದ ಜೋಲಿಯೆಟ್‌ನಲ್ಲಿ 1901ರಲ್ಲಿ ಇಂಥ ಕಾಲೇಜು ಶುರುವಾದಾಗ ಇದ್ದದ್ದು ಆರೇ ವಿದ್ಯಾರ್ಥಿಗಳು. ಊರು ಬಿಟ್ಟು ಹೋಗಲಾಗದವರೂ ಓದಲಿ ಅಂತ ಮಾಡಿದ್ದು. ಊರಿಗಾಗಿ ಕಾಲೇಜು ತೆರೆದು, ಊರಿನ ಪಂಚಾಂಗವನ್ನೇ ನೋಡದಿದ್ದರೆ ಹೇಗೆ?

ಇನ್ನೊಂದು ಮಾತು, ಆಫೀಸಿನ ಕಿಟಕಿಯದು. ಒಂದು ವಾರ ನೀವೇ ಆ ಕಿಟಕಿಯ ಹತ್ತಿರ ಕೂತು ನೋಡಿ. ಬಸ್ ಪಾಸಿಗೆ ವ್ಯಾಸಂಗ ಪ್ರಮಾಣಪತ್ರ ಬೇಕು ಅಂತ ಹುಡುಗಿ ಬರ್ತಾಳೆ. ‘ಮೇಡಂ ಮೀಟಿಂಗಲ್ಲಿದಾರೆ, ನಾಳೆ ಬಾ’ ಅಂತಾರೆ. ನಿಮ್ಮ ವಾರದ ಮೀಟಿಂಗೇ ಇರಬಹುದು! ದಿನಕ್ಕೆ ಎರಡೇ ಬಸ್ ಇರುವ ಹಳ್ಳಿಯವಳಿಗೆ ಆ ‘ನಾಳೆ’ ಅಂದರೆ ಒಂದು ದಿನದ ಕೂಲಿ, ಹೋಗಿ ಬರುವ ಚಾರ್ಜು, ಮನೆಯಲ್ಲಿ ಬೈಗುಳ. ಮೂರು ಸಲ ಹೀಗಾದರೆ ಅವಳು ನಾಲ್ಕನೇ ಸಲ ಬರಲ್ಲ. ನೀವಿಲ್ಲದಾಗ ಸಹಿ ಹಾಕುವ ಅಧಿಕಾರವನ್ನು ಒಬ್ಬರಿಗೆ ಬರವಣಿಗೆಯಲ್ಲಿ ಕೊಡಿ. ಯಾರು ಯಾವುದಕ್ಕೆ ಎಷ್ಟು ಸಲ ಬಂದರು ಅಂತ ಕಿಟಕಿಯಲ್ಲೇ ಒಂದು ನೋಟ್‌ಬುಕ್ ಇಡಿಸಿ. ಸಾಫ್ಟ್‌ವೇರ್ ಆಮೇಲೆ ನೋಡೋಣ.

ಬಯೋಮೆಟ್ರಿಕ್ ಇರಲಿ, ದುಡ್ಡು ಕೊಟ್ಟಾಗಿದೆಯಲ್ಲ. ಆದರೆ ಅದು ಬಂದವರನ್ನು ಎಣಿಸುತ್ತದೆ ಅಷ್ಟೇ. ಬಿಟ್ಟುಹೋದ 40 ಜನಕ್ಕೆ ನೀವೇ ಫೋನ್ ಮಾಡಿ, ಗುಮಾಸ್ತರ ಕೈಲಿ ಮಾಡಿಸಬೇಡಿ. ಸಂಜೆ ಏಳರ ಮೇಲೆ ಮಾಡಿ. ಹಗಲು ತೋಟದಲ್ಲಿರುತ್ತಾರೆ, ಅಲ್ಲಿ ನೆಟ್‌ವರ್ಕ್ ಸಿಗಲ್ಲ. ‘ಯಾಕೆ ಬಿಟ್ಟೆ’ ಅಂತ ಜೋರು ಮಾಡದೆ, ‘ಯಾವಾಗ ಬರೋಕಾಗುತ್ತೆ’ ಅಂತ ಕೇಳಿ. ಹತ್ತು ಫೋನ್ ಮುಗಿದ ಮೇಲೆ ನನಗೊಂದು ಕಾಗದ ಹಾಕಿ.